ಆಟಕ್ಕುಂಟು, ಲೆಕ್ಕಕ್ಕಿಲ್ಲ: ‘ಮನಿಬಾಲ್’ ಪುಸ್ತಕದಲ್ಲಿ ಅಭಿಮಾನಿಯ ಜಾಗ

ಮೈಕೆಲ್ ಲೂಯಿಸ್‌ನ ‘ಮನಿಬಾಲ್’ ಪ್ರಕಟವಾದದ್ದು 2003ರಲ್ಲಿ. ಓಕ್ಲೆಂಡ್ ಅಥ್ಲೆಟಿಕ್ಸ್ ಎಂಬ ಅಮೆರಿಕದ ಬೇಸ್‌ಬಾಲ್ ತಂಡ, ನ್ಯೂಯಾರ್ಕ್ ಯಾಂಕೀಸ್‌ನಂಥ ಶ್ರೀಮಂತ ತಂಡ ಖರ್ಚು ಮಾಡುವುದರ ಮೂರನೇ ಒಂದು ಭಾಗದಲ್ಲಿ ಅಷ್ಟೇ ಪಂದ್ಯಗಳನ್ನು ಹೇಗೆ ಗೆಲ್ಲುತ್ತಿತ್ತು ಎಂಬುದು ಅದರ ವಸ್ತು. 2002ರಲ್ಲಿ ಎರಡೂ ತಂಡಗಳು 103 ಪಂದ್ಯ ಗೆದ್ದವು. ಬೇಸ್‌ಬಾಲ್‌ನ ಗಂಧಗಾಳಿ ಇಲ್ಲದವರೂ ಈ ಪುಸ್ತಕ ಓದಿದರು. ಮ್ಯಾನೇಜ್‌ಮೆಂಟ್ ಕಲಿಸುವವರು ಅದನ್ನು ಪಾಠವಾಗಿಸಿಕೊಂಡರು, 2011ರಲ್ಲಿ ಬ್ರಾಡ್ ಪಿಟ್ ನಟಿಸಿದ ಸಿನಿಮಾ ಬಂತು, ‘ಮನಿಬಾಲ್’ ಎಂಬ ಪದವೇ ಕಡಿಮೆ ದುಡ್ಡಿನಲ್ಲಿ ಜಾಣತನದಿಂದ ಗೆಲ್ಲುವುದು ಎಂಬ ಅರ್ಥದಲ್ಲಿ ಬಳಕೆಗೆ ಬಂತು.

ಆ ತಂಡ 2024ರ ಸೆಪ್ಟೆಂಬರ್ 26ರಂದು ಓಕ್ಲೆಂಡಿನಲ್ಲಿ ತನ್ನ ಕೊನೆಯ ಪಂದ್ಯ ಆಡಿ ಊರು ಬಿಟ್ಟಿತು. ಪುಸ್ತಕ ಈಗಲೂ ಅಂಗಡಿಯಲ್ಲಿದೆ. ಅದು ಯಾರ ಬಗ್ಗೆ ಬರೆಯಲ್ಪಟ್ಟಿತೋ ಆ ಊರಿಗೆ ತಂಡವಿಲ್ಲ. ಇಷ್ಟಾದ ಮೇಲೆ ‘ಮನಿಬಾಲ್’ ಅನ್ನು ಮತ್ತೆ ತೆರೆದರೆ ಅದೇ ಪುಟಗಳು ಬೇರೆಯಾಗಿ ಓದಿಸಿಕೊಳ್ಳುತ್ತವೆ. ಮೊದಲ ಓದಿನಲ್ಲಿ ಜನರಲ್ ಮ್ಯಾನೇಜರ್ ಬಿಲ್ಲಿ ಬೀನ್ ನಮ್ಮ ನಾಯಕ. ಎರಡನೇ ಓದಿನಲ್ಲಿ ಕಣ್ಣು ಹುಡುಕುವುದು ಅಂಗಣದ ಮೆಟ್ಟಿಲ ಮೇಲೆ ಕೂತ ಅಭಿಮಾನಿಯನ್ನು. ಅವನು ಪುಸ್ತಕದಲ್ಲಿ ಎಲ್ಲಿದ್ದಾನೆ? ಮಕ್ಕಳ ಆಟದಲ್ಲಿ ತೀರಾ ಚಿಕ್ಕವರನ್ನು ಸೇರಿಸಿಕೊಳ್ಳುವಾಗ ನಾವು ಒಂದು ಮಾತು ಹೇಳುತ್ತೇವೆ: ಆಟಕ್ಕುಂಟು, ಲೆಕ್ಕಕ್ಕಿಲ್ಲ. ಲೂಯಿಸ್‌ನ ಪುಸ್ತಕದಲ್ಲಿ ಅಭಿಮಾನಿಯ ಸ್ಥಾನ ಹೆಚ್ಚುಕಡಿಮೆ ಅದೇ.

*

ಪುಸ್ತಕದ ಅತ್ಯಂತ ಲವಲವಿಕೆಯ ಅಧ್ಯಾಯದ ಹೆಸರು ‘ದಿ ಟ್ರೇಡಿಂಗ್ ಡೆಸ್ಕ್’. ಬರಹಗಾರನಾಗುವ ಮೊದಲು ಲೂಯಿಸ್ ಸಾಲೊಮನ್ ಬ್ರದರ್ಸ್ ಎಂಬ ವಾಲ್ ಸ್ಟ್ರೀಟ್ ಸಂಸ್ಥೆಯಲ್ಲಿ ಬಾಂಡು ಮಾರುತ್ತಿದ್ದವನು. ಆ ಅನುಭವವೇ ಅವನ ಮೊದಲ ಪುಸ್ತಕ ‘ಲಯರ್ಸ್ ಪೋಕರ್’ ಆಯಿತು. ಷೇರುಪೇಟೆಯ ದಲ್ಲಾಳಿಗಳು ಕೂರುವ ಮೇಜಿನ ಹೆಸರನ್ನು ಅವನು ಬೇಸ್‌ಬಾಲ್ ಅಧ್ಯಾಯಕ್ಕೆ ಇಟ್ಟದ್ದು ಆಕಸ್ಮಿಕವಲ್ಲ.

2002ರ ಜುಲೈ ಕೊನೆ. ಆಟಗಾರರ ಅದಲುಬದಲಿಗೆ, ಅವರ ಭಾಷೆಯಲ್ಲಿ ಟ್ರೇಡ್‌ಗೆ, ಗಡುವು ಹತ್ತಿರವಾಗಿದೆ. ಬೀನ್‌ಗೆ ಕ್ಲೀವ್‌ಲೆಂಡ್ ತಂಡದ ಎಡಗೈ ಪಿಚರ್ ರಿಕಾರ್ಡೊ ರಿಂಕನ್ ಬೇಕು. ಒಂದರ ಮೇಲೊಂದು ಫೋನು. ಒಬ್ಬರಿಗೆ ಆಸೆ ಹುಟ್ಟಿಸುವುದು, ಇನ್ನೊಬ್ಬರ ಪೈಪೋಟಿ ತಪ್ಪಿಸುವುದು, ಮೂರನೆಯವರಿಂದ ನಾಲ್ಕು ಕಾಸು ಗಿಟ್ಟಿಸುವುದು. ಓದುತ್ತಾ ನಗು ಬರುತ್ತದೆ. ಕೊನೆಗೆ ರಿಂಕನ್ ಸಿಗುತ್ತಾನೆ. ಅಂದು ಕ್ಲೀವ್‌ಲೆಂಡ್ ತಂಡ ಓಕ್ಲೆಂಡಿನಲ್ಲೇ ಆಡುತ್ತಿದ್ದುದರಿಂದ ಅವನು ಒಂದು ಡ್ರೆಸ್ಸಿಂಗ್ ರೂಮಿನಿಂದ ಇನ್ನೊಂದಕ್ಕೆ ನಡೆದು ಬಂದರೆ ಸಾಕು. ಸಿನಿಮಾದಲ್ಲಿ ಬೀನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ರಿಂಕನ್‌ಗೆ ಬೇಕಾದ ಹಣವನ್ನು ತಾನೇ ಹಾಕುತ್ತೇನೆ, ಮುಂದಿನ ವರ್ಷ ಎರಡು ಪಟ್ಟಿಗೆ ಮಾರಿದರೆ ಬರುವ ಲಾಭವೂ ತನ್ನದೇ ಎಂದು ಹೇಳುತ್ತಾನೆ.

ಆದರೆ ತಂಡದ ಪಟ್ಟಿಯಲ್ಲಿ ಆಗ ಜಾಗ ಇದ್ದದ್ದು 25 ಜನಕ್ಕೆ. ಒಬ್ಬ ಒಳಗೆ ಬಂದರೆ ಒಬ್ಬ ಹೊರಗೆ ಹೋಗಲೇಬೇಕು. ಹೊರಗೆ ಹೋದವನು ಮೈಕ್ ಮ್ಯಾಗ್ನಾಂಟಿ ಎಂಬ ಹಿರಿಯ ಪಿಚರ್. ಮೇಜರ್ ಲೀಗ್‌ನಲ್ಲಿ ಹತ್ತು ವರ್ಷ ಪೂರೈಸಿದರೆ ಪೂರ್ತಿ ಪಿಂಚಣಿ. ಅವನಿಗೆ ಉಳಿದಿದ್ದದ್ದು ಕೆಲವೇ ದಿನ. ಲೂಯಿಸ್ ಇದನ್ನು ಮುಚ್ಚಿಡುವುದಿಲ್ಲ. ಹೇಳುತ್ತಾನೆ, ಹೇಳಿ ಮುಂದಕ್ಕೆ ಹೋಗುತ್ತಾನೆ. ಕಥೆಯ ವೇಗಕ್ಕೆ ಮ್ಯಾಗ್ನಾಂಟಿ ಅಡ್ಡಿ. ಫೋನು ಮತ್ತೆ ರಿಂಗಾಗುತ್ತದೆ.

ಆ ಹೊತ್ತಿನಲ್ಲಿ ಓದುಗ ಎಲ್ಲಿ ನಿಂತಿದ್ದಾನೆ ಎಂದು ಕೇಳಿಕೊಳ್ಳಬೇಕು. ನಾವು ಬೀನ್‌ನ ಕೋಣೆಯಲ್ಲಿ, ಅವನ ಮೇಜಿನ ಬದಿಯಲ್ಲಿದ್ದೇವೆ. ಅವನ ಕಿವಿಯಲ್ಲಿ ಕೇಳುತ್ತೇವೆ, ಅವನ ಗೆಲುವಿಗೆ ಬೀಗುತ್ತೇವೆ. ಡ್ರೆಸ್ಸಿಂಗ್ ರೂಮಿನಲ್ಲಿ ಚೀಲ ತುಂಬಿಕೊಳ್ಳುತ್ತಿರುವವನ ಹತ್ತಿರ ನಾವಿಲ್ಲ. ಅವನ ಬೆನ್ನ ಮೇಲಿನ ಸಂಖ್ಯೆಯನ್ನು ಕೂಗಿ ಕರೆಯುತ್ತಿದ್ದವರ ಹತ್ತಿರವಂತೂ ಇಲ್ಲವೇ ಇಲ್ಲ. ಕಥೆ ಯಾರ ಕಣ್ಣಿನಿಂದ ಕಾಣುತ್ತದೆಯೋ ನ್ಯಾಯವೂ ಅವರ ಕಡೆಗೇ ವಾಲುತ್ತದೆ ಎನ್ನುವುದು ಕಾದಂಬರಿ ಓದುವವರಿಗೆಲ್ಲ ಗೊತ್ತಿರುವ ಸಂಗತಿ. ಕಾದಂಬರಿಯಂತೆ ಓದಿಸಿಕೊಳ್ಳುವ ವರದಿಗೂ ಅದು ಅನ್ವಯಿಸುತ್ತದೆ.

*

ಇಲ್ಲಿ ಆಟದ ವ್ಯವಸ್ಥೆಯ ಬಗ್ಗೆ ಎರಡು ಮಾತು ಬೇಕು. ಅಮೆರಿಕದ ಬೇಸ್‌ಬಾಲ್‌ನಲ್ಲಿ ಹರಾಜಿಲ್ಲ. ಎಳೆಯ ಆಟಗಾರರನ್ನು ತಂಡಗಳು ವರ್ಷಕ್ಕೊಮ್ಮೆ ಡ್ರಾಫ್ಟ್ ಎಂಬ ಸರದಿಯಲ್ಲಿ ಆರಿಸಿಕೊಂಡು ಮೈನರ್ ಲೀಗ್‌ಗಳಲ್ಲಿ ಪಳಗಿಸುತ್ತವೆ. ಮೇಲಿನ ಹಂತಕ್ಕೆ ಬಂದ ಆಟಗಾರ ಸುಮಾರು ಆರು ವರ್ಷ ಆ ತಂಡದ ಹಿಡಿತದಲ್ಲಿರುತ್ತಾನೆ. ಆಮೇಲೆ ಅವನು ಸ್ವತಂತ್ರ. ಹೆಚ್ಚು ಕೊಟ್ಟವರ ಕಡೆ ಹೋಗಬಹುದು. ಹಿಡಿತದಲ್ಲಿರುವಾಗ ಮಾತ್ರ ಅವನ ಒಪ್ಪಿಗೆ ಕೇಳದೆ ಬೇರೆ ತಂಡಕ್ಕೆ ಅದಲುಬದಲು ಮಾಡಬಹುದು.

ಈ ಆರು ವರ್ಷದ ಮಿತಿಯೂ ಪುಕ್ಕಟೆ ಸಿಕ್ಕಿದ್ದಲ್ಲ. 1969ರಲ್ಲಿ ಸೇಂಟ್ ಲೂಯಿಸ್ ತಂಡ ಕರ್ಟ್ ಫ್ಲಡ್ ಎಂಬ ಕಪ್ಪು ಆಟಗಾರನನ್ನು ಫಿಲಡೆಲ್ಫಿಯಾಗೆ ಕಳಿಸಿದಾಗ ಅವನು ಹೋಗಲು ಒಪ್ಪಲಿಲ್ಲ. ತಾನು ಕೊಡುಕೊಳ್ಳುವ ಸೊತ್ತಲ್ಲ ಎಂದು ವಾದಿಸಿ ಸುಪ್ರೀಂ ಕೋರ್ಟಿನವರೆಗೆ ಹೋದ. 1972ರಲ್ಲಿ ಸೋತ. ಅವನ ಆಟದ ಬದುಕು ಅಲ್ಲಿಗೆ ಮುಗಿದಿತ್ತು. ಆದರೆ ಅವನು ಎತ್ತಿದ ಪ್ರಶ್ನೆ ಮುಗಿಯಲಿಲ್ಲ. ಕೆಲವೇ ವರ್ಷಗಳಲ್ಲಿ ಆಟಗಾರರಿಗೆ ಸ್ವಾತಂತ್ರ್ಯ ಸಿಕ್ಕಿತು. ಫ್ಲಡ್ ಬೆಳೆದದ್ದು ಓಕ್ಲೆಂಡಿನ ಬೀದಿಗಳಲ್ಲಿ. ಆ ಊರಿನ ತಂಡದ ಬಗ್ಗೆ ಬರೆದ ಪುಸ್ತಕದಲ್ಲಿ ಅವನ ನೆರಳು ಇನ್ನಷ್ಟು ದಟ್ಟವಾಗಿ ಬೀಳಬೇಕಿತ್ತು.

ಬಡ ತಂಡದ ಅಭಿಮಾನಿಗೆ ಆರು ವರ್ಷದ ಲೆಕ್ಕ ಬಾಯಿಪಾಠ. ಹುಡುಗ ಬಂದ, ಅರಳಿದ, ಊರಿಗೆ ಊರೇ ಅವನ ಹೆಸರಿನ ಅಂಗಿ ತೊಟ್ಟಿತು ಎನ್ನುವಷ್ಟರಲ್ಲಿ ಐದನೇ ವರ್ಷ ಬಂದಿರುತ್ತದೆ. 2001ರ ಕೊನೆಗೆ ಜೇಸನ್ ಜಿಯಾಂಬಿ ಯಾಂಕೀಸ್‌ಗೆ ಹೋದ, ಜಾನಿ ಡೇಮನ್ ಬಾಸ್ಟನ್‌ಗೆ ಹೋದ, ಜೇಸನ್ ಇಸ್ರಿಂಗ್‌ಹೌಸನ್ ಸೇಂಟ್ ಲೂಯಿಸ್‌ಗೆ ಹೋದ. ‘ಮನಿಬಾಲ್’ ಶುರುವಾಗುವುದು ಈ ಮೂರು ಖಾಲಿ ಜಾಗಗಳಿಂದ. ಅವನ್ನು ತುಂಬಲು ಬೀನ್ ಮತ್ತು ಅವನ ಸಹಾಯಕ ಪಾಲ್ ಡಿಪೊಡೆಸ್ಟಾ ಬೇರೆಯವರು ಬೇಡವೆಂದ ಆಟಗಾರರನ್ನು ಹುಡುಕುತ್ತಾರೆ. ಮೊಣಕೈಯ ನರಕ್ಕೆ ಪೆಟ್ಟಾಗಿ ಕ್ಯಾಚರ್ ಕೆಲಸ ಮಾಡಲಾಗದ ಸ್ಕಾಟ್ ಹ್ಯಾಟೆಬರ್ಗ್‌ನನ್ನು ಅವನಿಗೆ ಗೊತ್ತಿಲ್ಲದ ಫಸ್ಟ್ ಬೇಸ್‌ನಲ್ಲಿ ನಿಲ್ಲಿಸುತ್ತಾರೆ. 2002ರ ಸೆಪ್ಟೆಂಬರ್ 4ರಂದು ತಂಡ ಸತತ ಇಪ್ಪತ್ತನೇ ಗೆಲುವಿಗಾಗಿ ಆಡುತ್ತಿದ್ದಾಗ 11–0 ಮುನ್ನಡೆ ಕರಗಿ 11–11 ಆಯಿತು. ಹೋಮ್ ರನ್ ಹೊಡೆದು ಗೆಲ್ಲಿಸಿದವನು ಅದೇ ಹ್ಯಾಟೆಬರ್ಗ್. ಅಂಥ ರಾತ್ರಿಯನ್ನು ಕಾದಂಬರಿಕಾರ ಕಟ್ಟಿದ್ದರೆ ಅತಿಯಾಯಿತು ಎನ್ನುತ್ತಿದ್ದೆವು.

ಈ ಭಾಗದಲ್ಲಿ ಲೂಯಿಸ್‌ನ ಬರವಣಿಗೆ ನಿಜಕ್ಕೂ ದೊಡ್ಡದು. ಚಾಡ್ ಬ್ರಾಡ್‌ಫೋರ್ಡ್ ನೆಲಕ್ಕೆ ಕೈ ತಾಗುವಂತೆ ಬಗ್ಗಿ ಚೆಂಡೆಸೆಯುವ ಪಿಚರ್. ವಿಚಿತ್ರವಾಗಿ ಕಾಣುತ್ತಾನೆ ಎಂಬ ಒಂದೇ ಕಾರಣಕ್ಕೆ ಅಗ್ಗಕ್ಕೆ ಸಿಕ್ಕವನು. ಅವನಿಗೆ ಮೀಸಲಾದ ಅಧ್ಯಾಯ ಓದಿದರೆ, ಕಡೆಗಣಿಸಲ್ಪಟ್ಟ ಮನುಷ್ಯನನ್ನು ಕಾಣುವ ಕಣ್ಣು ಲೂಯಿಸ್‌ಗಿದೆ ಎಂದು ಒಪ್ಪಲೇಬೇಕು. ತೊಂದರೆ ಇಷ್ಟೇ: ಆ ಮನುಷ್ಯ ಕಾಣುವುದು ಅವನು ಖರೀದಿಯಾಗುವ ಹೊತ್ತಿನಲ್ಲಿ. ಬಿಟ್ಟುಕೊಡುವ ಹೊತ್ತಿನಲ್ಲಿ ಅವನು ಮತ್ತೆ ಹೆಸರು ಮತ್ತು ಸಂಬಳವಾಗಿ ಉಳಿಯುತ್ತಾನೆ.

ಇನ್ನೊಂದು ಸಂಗತಿಯನ್ನು ಅಮೆರಿಕದ ವಿಮರ್ಶಕರು ಬಹಳ ಸಲ ಎತ್ತಿದ್ದಾರೆ. ಆ ವರ್ಷದ ತಂಡದಲ್ಲಿ ಟಿಮ್ ಹಡ್ಸನ್, ಮಾರ್ಕ್ ಮಲ್ಡರ್, ಬ್ಯಾರಿ ಜಿಟೊ ಎಂಬ ಮೂವರು ಅಸಾಧಾರಣ ಪಿಚರ್‌ಗಳಿದ್ದರು. 2002ರ ಅತ್ಯುತ್ತಮ ಪಿಚರ್ ಪ್ರಶಸ್ತಿ ಜಿಟೊಗೆ, ಅತ್ಯುತ್ತಮ ಆಟಗಾರ ಪ್ರಶಸ್ತಿ ಮಿಗೆಲ್ ತೆಹಾಡಾಗೆ ಬಂತು. ಪುಸ್ತಕದಲ್ಲಿ ಇವರು ಅಂಚಿಗೆ ಸರಿದಿದ್ದಾರೆ. ಕಾರಣ ಸುಲಭ: ಇವರು ‘ಯಾರಿಗೂ ಕಾಣದ ಬೆಲೆ’ ಎಂಬ ವಾದಕ್ಕೆ ಹೊಂದುವುದಿಲ್ಲ, ಎಲ್ಲರಿಗೂ ಕಾಣುವಂತೆ ಚೆನ್ನಾಗಿ ಆಡುತ್ತಿದ್ದರು. ಮುಂದೆ ತೆಹಾಡಾ 2003ರ ಕೊನೆಗೆ, ಹಡ್ಸನ್ ಮತ್ತು ಮಲ್ಡರ್ 2004ರ ಕೊನೆಗೆ, ಜಿಟೊ 2006ರ ಕೊನೆಗೆ ತಂಡ ಬಿಟ್ಟರು. ಅಭಿಮಾನಿ ಪ್ರೀತಿಸಿದ್ದು ಇವರನ್ನು. ಅವನು ಈ ಪುಸ್ತಕ ಬರೆದಿದ್ದರೆ ಮೊದಲ ಅಧ್ಯಾಯ ಇವರದೇ ಆಗುತ್ತಿತ್ತು.

*

‘ಮನಿಬಾಲ್’ನ ತರ್ಕದ ಬುಡದಲ್ಲಿ ಒಂದು ನಂಬಿಕೆ ಇದೆ. ತಂಡ ಬಡವಾಗಿದೆ, ಅದು ಹವಾಮಾನದಂತೆ ಕೊಟ್ಟದ್ದು, ಉಳಿದದ್ದೆಲ್ಲ ಅದರೊಳಗೆ ಜಾಣತನ. ಆದರೆ ಬಡತನ ಎಲ್ಲಿಂದ ಬಂತು? ಪುಸ್ತಕವೇ ಒಂದೆಡೆ ಉತ್ತರ ಹೇಳಿ ದಾಟಿಬಿಡುತ್ತದೆ. ವಾಲ್ಟರ್ ಹಾಸ್ ಮಾಲೀಕನಾಗಿದ್ದಾಗ ಈ ತಂಡ ಕೈಬಿಚ್ಚಿ ಖರ್ಚು ಮಾಡುತ್ತಿತ್ತು. 1991ರಲ್ಲಿ ಆಟಗಾರರ ಸಂಬಳಕ್ಕೆ ಇಡೀ ಬೇಸ್‌ಬಾಲ್‌ನಲ್ಲೇ ಅತಿ ಹೆಚ್ಚು ಹಣ ಕೊಟ್ಟದ್ದು ಓಕ್ಲೆಂಡ್. 1988ರಿಂದ 1990ರವರೆಗೆ ಮೂರು ವರ್ಷ ಸತತವಾಗಿ ವಿಶ್ವ ಸರಣಿಯ ಫೈನಲ್ ಆಡಿ 1989ರಲ್ಲಿ ಗೆದ್ದದ್ದೂ ಆ ಕಾಲದಲ್ಲೇ. 1995ರಲ್ಲಿ ಮಾಲೀಕರು ಬದಲಾದರು, ಕೈ ಬಿಗಿಯಾಯಿತು. ಅದೇ ಊರು, ಅದೇ ಅಂಗಣ, ಅದೇ ಜನ. ಬಡತನ ಒಂದು ತೀರ್ಮಾನವಾಗಿತ್ತು.

ಪುಸ್ತಕದಲ್ಲಿ ಒಂದು ಪ್ರಸಿದ್ಧ ಸನ್ನಿವೇಶವಿದೆ. ಆಟಗಾರನ ಮೈಕಟ್ಟು ಚೆನ್ನಾಗಿಲ್ಲ ಎಂದು ಹಳೆಯ ಸ್ಕೌಟ್‌ಗಳು ಗೊಣಗುವಾಗ, ಜೀನ್ಸ್ ಮಾರುವುದು ನಮ್ಮ ಕೆಲಸವಲ್ಲ ಎಂಬ ಅರ್ಥದಲ್ಲಿ ಬೀನ್ ಅವರ ಬಾಯಿ ಮುಚ್ಚಿಸುತ್ತಾನೆ. ಹಾಸ್ ಕುಟುಂಬದ ಸಂಪತ್ತು ಬಂದದ್ದು ಲೀವೈಸ್ ಕಂಪನಿಯಿಂದ. 2005ರಲ್ಲಿ ತಂಡವನ್ನು ಕೊಂಡವರಲ್ಲಿ ಒಬ್ಬನಾಗಿ, ಮುಂದೆ ಮುಖ್ಯ ಮಾಲೀಕನಾದ ಜಾನ್ ಫಿಶರ್, ಗ್ಯಾಪ್ ಬಟ್ಟೆ ಕಂಪನಿಯನ್ನು ಕಟ್ಟಿದ ದಂಪತಿಯ ಮಗ. ತಂಡದ ಅತಿ ಉದಾರ ಮಾಲೀಕನೂ ಅತಿ ಬಿಗಿ ಮಾಲೀಕನೂ ಜೀನ್ಸ್ ಮಾರಿ ಬಂದ ದುಡ್ಡಿನವರೇ. ಎರಡೂ ಮನೆಗಳಲ್ಲಿ ಹಣವಿತ್ತು. ಒಂದು ಮನೆ ಅದನ್ನು ತಂಡಕ್ಕೆ ಹಾಕಿತು.

ಇನ್ನೂ ಹಿಂದಕ್ಕೆ ಹೋದರೆ, ತಂಡವನ್ನು ಕಟ್ಟುವುದಕ್ಕಿಂತ ಬಿಚ್ಚುವುದರಲ್ಲೇ ಇದರ ಚರಿತ್ರೆ ಹೆಚ್ಚು ಕಾಣುತ್ತದೆ. ಅಥ್ಲೆಟಿಕ್ಸ್ 1901ರಲ್ಲಿ ಹುಟ್ಟಿದ್ದು ಫಿಲಡೆಲ್ಫಿಯಾದಲ್ಲಿ. ಅಲ್ಲಿ ಕಾನಿ ಮ್ಯಾಕ್ ಎರಡು ಬಾರಿ ಮಹಾನ್ ತಂಡ ಕಟ್ಟಿ ಎರಡು ಬಾರಿಯೂ ತಾನೇ ಒಡೆದು ಮಾರಿದ. 1955ರಿಂದ ಕ್ಯಾನ್ಸಸ್ ಸಿಟಿಯಲ್ಲಿದ್ದಾಗ ಒಳ್ಳೆಯ ಆಟಗಾರರು ಮತ್ತೆ ಮತ್ತೆ ಯಾಂಕೀಸ್ ಪಾಲಾದರು. ರಾಜರ್ ಮ್ಯಾರಿಸ್ ಕೂಡ. 1968ರಲ್ಲಿ ಓಕ್ಲೆಂಡ್‌ಗೆ ಬಂದು 1972ರಿಂದ 1974ರವರೆಗೆ ಸತತ ಮೂರು ಬಾರಿ ವಿಶ್ವ ಸರಣಿ ಗೆದ್ದ ಮೇಲೆ, 1976ರಲ್ಲಿ ಮಾಲೀಕ ಚಾರ್ಲಿ ಫಿನ್ಲೆ ಮೂವರು ದೊಡ್ಡ ಆಟಗಾರರನ್ನು ಒಮ್ಮೆಗೇ ಮಾರಲು ಹೊರಟ. ಬೇಸ್‌ಬಾಲ್‌ನ ಕಮಿಷನರೇ ಅಡ್ಡ ಬಂದು ಮಾರಾಟ ರದ್ದು ಮಾಡಿದ. ಅಂದರೆ ಬೀನ್ ಮಾಡಿದ್ದು ಹೊಸತಲ್ಲ. ಹೊಸತಾದದ್ದು ಅದನ್ನು ಹೇಳುವ ಭಾಷೆ. ಹಿಂದಿನ ಅಭಿಮಾನಿಗಳು ಮಾಲೀಕ ತಂಡ ಮಾರಿದಾಗ ಬೈಯುತ್ತಿದ್ದರು. ‘ಮನಿಬಾಲ್’ ಬಂದ ಮೇಲೆ ಅದನ್ನು ಜಾಣತನ ಎಂದು ಕರೆಯಲು ಕಲಿತರು.

*

ಹಾಗೆ ಕಲಿತದ್ದು ಹೇಗೆ ಎನ್ನುವುದು ಪುಸ್ತಕದ ಇನ್ನೊಂದು ಪಾತ್ರದಲ್ಲಿದೆ. ಬಿಲ್ ಜೇಮ್ಸ್ ಕ್ಯಾನ್ಸಸ್ ರಾಜ್ಯದ ಲಾರೆನ್ಸ್ ಎಂಬ ಊರಿನ ಆಹಾರ ಡಬ್ಬಿ ಕಾರ್ಖಾನೆಯಲ್ಲಿ ರಾತ್ರಿ ಕಾವಲುಗಾರ. 1977ರಲ್ಲಿ ತನ್ನ ಕೈಯಿಂದಲೇ ‘ಬೇಸ್‌ಬಾಲ್ ಅಬ್‌ಸ್ಟ್ರಾಕ್ಟ್’ ಎಂಬ ಪುಸ್ತಿಕೆ ಅಚ್ಚು ಹಾಕಿದ. ಪತ್ರಿಕೆಗಳು ಹೇಳುವ ಅಂಕಿಗಳು ಆಟದ ಬಗ್ಗೆ ಏನನ್ನು ಹೇಳುತ್ತವೆ, ಏನನ್ನು ಮುಚ್ಚುತ್ತವೆ ಎಂದು ಕೇಳಿದ. ಅವನು ತಂಡದ ನೌಕರನಲ್ಲ, ಪತ್ರಕರ್ತನಲ್ಲ. ಬರೀ ಅಭಿಮಾನಿ. ಅವನ ಲೆಕ್ಕದ ಹಿಂದೆ ಪ್ರೀತಿ ಇತ್ತು, ಅಧಿಕಾರದಲ್ಲಿದ್ದವರ ಬಗ್ಗೆ ಅನುಮಾನವೂ ಇತ್ತು. ನಮ್ಮಲ್ಲಿ ವಿಮರ್ಶೆಯನ್ನು ಸಹೃದಯನ ಕೆಲಸ ಎನ್ನುತ್ತಾರಲ್ಲ, ಜೇಮ್ಸ್ ಆ ಅರ್ಥದಲ್ಲಿ ಬೇಸ್‌ಬಾಲ್‌ನ ಸಹೃದಯ. ಅವನು ಮುಖ್ಯವಾಗಿ ಒಬ್ಬ ಬರಹಗಾರ ಎಂಬುದನ್ನು ಲೂಯಿಸ್ ಸರಿಯಾಗಿ ಗುರುತಿಸುತ್ತಾನೆ.

ಇಪ್ಪತ್ತೈದು ವರ್ಷದಲ್ಲಿ ಆ ಲೆಕ್ಕ ಕೈ ಬದಲಾಯಿಸಿತು. ಕಚೇರಿಯನ್ನು ಪ್ರಶ್ನಿಸಲು ಅಭಿಮಾನಿ ಕಂಡುಕೊಂಡ ಸಾಧನ ಕಚೇರಿಯ ಸಾಧನವಾಯಿತು. ಬಾಸ್ಟನ್ ತಂಡ ಜೇಮ್ಸ್‌ನನ್ನೇ ಸಲಹೆಗಾರನಾಗಿ ಸೇರಿಸಿಕೊಂಡಿತು. ಅಭಿಮಾನಿಗಳ ಮಾತುಕತೆಯೂ ಬದಲಾಯಿತು. ಆಟಗಾರ ಚೆನ್ನಾಗಿ ಆಡಿದನೇ ಎಂಬ ಪ್ರಶ್ನೆಯ ಜಾಗಕ್ಕೆ, ಕೊಟ್ಟ ಸಂಬಳಕ್ಕೆ ತಕ್ಕಂತೆ ಆಡಿದನೇ ಎಂಬ ಪ್ರಶ್ನೆ ಬಂತು. ಸಂಬಳ ಕೊಡುವವರು ನಾವಲ್ಲ. ಆದರೂ ಉಳಿತಾಯವಾದರೆ ನಮಗೇ ಆದಂತೆ ಖುಷಿ.

ಇದು ಅಮೆರಿಕದವರ ರೋಗ ಎಂದು ಬೆಂಗಳೂರಿನಲ್ಲಿ ಕೂತು ಹೇಳುವಂತಿಲ್ಲ. ಅಮೆರಿಕದ ಫ್ರಾಂಚೈಸಿ ಮಾದರಿಯನ್ನು ಹೋಲುವ ಐಪಿಎಲ್ 2008ರಲ್ಲಿ ಶುರುವಾದಾಗಿನಿಂದ ಹರಾಜಿನ ದಿನವೂ ಒಂದು ಪಂದ್ಯವೇ. 2011ರಲ್ಲಿ ರಾಹುಲ್ ದ್ರಾವಿಡ್ ಹೆಸರು ಬೆಂಗಳೂರಿನ ಪಟ್ಟಿಯಿಂದ ರಾಜಸ್ಥಾನದ ಪಟ್ಟಿಗೆ ಹೋದದ್ದು ಇಲ್ಲಿನ ಬಹಳ ಜನಕ್ಕೆ ನೆನಪಿದೆ. ಆ ನೋವಿಗೂ, ಯಾವ ಆಟಗಾರ ಎಷ್ಟು ಕೋಟಿಗೆ ‘ವರ್ತ್’ ಎಂದು ಹಾಸ್ಟೆಲ್ ಕೋಣೆಯಲ್ಲಿ ರಾತ್ರಿಯೆಲ್ಲ ವಾದಿಸುವ ಉತ್ಸಾಹಕ್ಕೂ ನಡುವೆ ಇರುವ ದೂರವನ್ನು ಕನ್ನಡದ ಓದುಗ ಬಲ್ಲ. ಎರಡೂ ಅಭಿಮಾನವೇ. ಮೊದಲನೆಯದರಲ್ಲಿ ನಾವು ನೋಡುಗರು, ಎರಡನೆಯದರಲ್ಲಿ ಸಂಬಳವಿಲ್ಲದ ಮ್ಯಾನೇಜರ್‌ಗಳು.

*

ಎಳೆಯ ಆಟಗಾರರಿಗೆ ಬೇಸ್‌ಬಾಲ್‌ನಲ್ಲಿ ‘ಪ್ರಾಸ್ಪೆಕ್ಟ್’ ಎನ್ನುತ್ತಾರೆ. ಹತ್ತೊಂಬತ್ತನೇ ಶತಮಾನದಲ್ಲಿ ಚಿನ್ನ ಹುಡುಕಿಕೊಂಡು ಕ್ಯಾಲಿಫೋರ್ನಿಯಾಕ್ಕೆ ಬಂದವರ ಹೆಸರೂ ಇದೇ ಮೂಲದ ಪದ. ಇನ್ನೂ ಮಣ್ಣಿನಲ್ಲಿರುವುದರ ಮೇಲೆ ಇಟ್ಟ ನಂಬಿಕೆ ಅದು. ಸೋಲುತ್ತಿರುವ ತಂಡದ ಅಭಿಮಾನಿ ಬದುಕುವುದೇ ಆ ನಂಬಿಕೆಯ ಮೇಲೆ.

ಬೀನ್ ತಾನೇ ಒಮ್ಮೆ ಅಂಥ ಚಿನ್ನ. 1980ರಲ್ಲಿ ನ್ಯೂಯಾರ್ಕ್ ಮೆಟ್ಸ್ ಅವನನ್ನು ಮೊದಲ ಸುತ್ತಿನಲ್ಲೇ ಆರಿಸಿತು. ಸ್ಟ್ಯಾನ್‌ಫೋರ್ಡ್ ಓದು ಬಿಟ್ಟು ಬಂದ. ಮೇಜರ್ ಲೀಗ್‌ನಲ್ಲಿ 148 ಪಂದ್ಯಗಳಿಗೆ ಅವನ ಆಟ ಮುಗಿಯಿತು. ನೋಡಲು ಚೆನ್ನಾಗಿದ್ದಾನೆ ಎಂಬ ಕಾರಣಕ್ಕೆ ಆಯ್ಕೆಯಾಗಿ ಹಾಳಾದವನು, ನೋಟಕ್ಕೆ ಮರುಳಾಗದ ವಿಧಾನವನ್ನು ಕಟ್ಟುತ್ತಾನೆ ಎಂಬುದು ಪುಸ್ತಕದ ಆಳದ ಕಥೆ. ಅದಕ್ಕೆ ಜೋಡಿಯಾಗಿ ಜೆರೆಮಿ ಬ್ರೌನ್ ಬರುತ್ತಾನೆ. ಅಲಬಾಮಾದ ಈ ದಪ್ಪ ಮೈಯ ಕ್ಯಾಚರ್‌ನನ್ನು 2002ರ ಡ್ರಾಫ್ಟ್‌ನಲ್ಲಿ ಓಕ್ಲೆಂಡ್ 35ನೆಯವನಾಗಿ ಆರಿಸಿದಾಗ ಉಳಿದವರು ನಕ್ಕರು. ಪುಸ್ತಕ ಮುಗಿಯುವುದು ಅವನಿಂದಲೇ: ಚೆಂಡು ಬಾರಿಸಿ ಓಡುತ್ತಾ ಬೇಸ್ ದಾಟಿ ಎಡವಿ ಬಿದ್ದು ಹಿಂದಕ್ಕೆ ತೆವಳುತ್ತಾನೆ, ತಾನು ಹೊಡೆದದ್ದು ಹೋಮ್ ರನ್ ಎಂದು ಅವನಿಗೇ ಗೊತ್ತಿಲ್ಲ. ಸೊಗಸಾದ ಮುಕ್ತಾಯ.

ಆದರೆ ಅಭಿಮಾನಿಯ ಕಾಲ ಪುಸ್ತಕದ ಕೊನೆಯ ಪುಟಕ್ಕೆ ನಿಲ್ಲುವುದಿಲ್ಲ. ಬ್ರೌನ್ 2006ರಲ್ಲಿ ಮೇಜರ್ ಲೀಗ್‌ನಲ್ಲಿ ಐದು ಪಂದ್ಯ ಆಡಿದ. 2008ರಲ್ಲಿ ಆಟ ಬಿಟ್ಟ. ಅದೇ ಡ್ರಾಫ್ಟ್‌ನಲ್ಲಿ ಬಂದ ನಿಕ್ ಸ್ವಿಷರ್ ಮತ್ತು ಜೋ ಬ್ಲಾಂಟನ್ ನಿಜಕ್ಕೂ ಒಳ್ಳೆಯ ಆಟಗಾರರಾದರು. 2008ರಲ್ಲಿ ಇಬ್ಬರನ್ನೂ ಓಕ್ಲೆಂಡ್ ಬಿಟ್ಟುಕೊಟ್ಟಿತು. ಬ್ಲಾಂಟನ್ ಆ ವರ್ಷವೇ ಫಿಲಡೆಲ್ಫಿಯಾ ಜೊತೆ, ಸ್ವಿಷರ್ ಮುಂದಿನ ವರ್ಷ ಯಾಂಕೀಸ್ ಜೊತೆ ವಿಶ್ವ ಸರಣಿ ಗೆದ್ದರು. ಓಕ್ಲೆಂಡಿಗೆ ಅವರ ಬದಲಾಗಿ ಸಿಕ್ಕಿದ್ದು ಇನ್ನಷ್ಟು ಪ್ರಾಸ್ಪೆಕ್ಟ್‌ಗಳು. ಭರವಸೆಯನ್ನು ಕೊಟ್ಟು ಭರವಸೆಯನ್ನೇ ಕೊಳ್ಳುವ ಈ ವ್ಯಾಪಾರದಲ್ಲಿ ಫಲದ ದಿನ ಬರುವುದೇ ಇಲ್ಲ.

*

ಲೆಕ್ಕವೇ ಪ್ರೀತಿಯ ಶತ್ರು ಎಂದು ಇದರಿಂದ ತೀರ್ಮಾನಿಸಿದರೆ ತಪ್ಪಾಗುತ್ತದೆ. ಅದನ್ನು ತೋರಿಸಲು ಅಮೆರಿಕದ ಕಾದಂಬರಿಯೊಂದೇ ಸಾಕು. ರಾಬರ್ಟ್ ಕೂವರ್‌ನ ‘ದಿ ಯೂನಿವರ್ಸಲ್ ಬೇಸ್‌ಬಾಲ್ ಅಸೋಸಿಯೇಷನ್’ (1968) ಕಾದಂಬರಿಯ ಹೆನ್ರಿ ವಾ ಒಬ್ಬ ಅಕೌಂಟೆಂಟ್. ರಾತ್ರಿ ಮನೆಯಲ್ಲಿ ದಾಳ ಉರುಳಿಸಿ ತನ್ನದೇ ಕಲ್ಪನೆಯ ಲೀಗ್ ನಡೆಸುತ್ತಾನೆ, ಪ್ರತಿಯೊಂದನ್ನೂ ದಾಖಲಿಸುತ್ತಾನೆ. ಅವನ ಮೆಚ್ಚಿನ ಎಳೆಯ ಪಿಚರ್ ಡೇಮನ್ ರದರ್‌ಫೋರ್ಡ್ ದಾಳದ ಒಂದು ಉರುಳಿಗೆ ಸಾಯುತ್ತಾನೆ. ಹೆನ್ರಿ ಕುಸಿದುಹೋಗುತ್ತಾನೆ. ಅವನೇ ಮಾಲೀಕ, ಅವನೇ ದೇವರು. ದಾಳವನ್ನು ಮತ್ತೊಮ್ಮೆ ಉರುಳಿಸಿದರೆ ಕೇಳುವವರಿಲ್ಲ. ಆದರೂ ಲೆಕ್ಕಕ್ಕೆ ಮೋಸ ಮಾಡಿದರೆ ಪ್ರೀತಿಗೂ ಅರ್ಥವಿಲ್ಲ ಎಂಬ ಸಂಕಟ ಅವನದು. ಹೆನ್ರಿಯ ಲೆಕ್ಕದ ಪುಸ್ತಕದಲ್ಲಿ ಹೋದವರ ಹೆಸರೂ ಉಳಿಯುತ್ತದೆ. ಬೀನ್‌ನ ಲೆಕ್ಕದಲ್ಲಿ ಹೋದವನು ಖಾಲಿಯಾದ ಒಂದು ಜಾಗ. ವ್ಯತ್ಯಾಸ ಗಣಿತದಲ್ಲಿಲ್ಲ, ಯಾರನ್ನು ದಾಖಲಿಸಬೇಕು ಎಂಬ ನಿರ್ಧಾರದಲ್ಲಿದೆ.

ಫಿಲಿಪ್ ರಾತ್‌ನ ‘ದಿ ಗ್ರೇಟ್ ಅಮೆರಿಕನ್ ನಾವೆಲ್’ (1973) ಇನ್ನೂ ವಿಚಿತ್ರವಾಗಿ ಹತ್ತಿರ ಬರುತ್ತದೆ. ಎರಡನೇ ಮಹಾಯುದ್ಧದ ಕಾಲ. ರಪರ್ಟ್ ಮಂಡೀಸ್ ಎಂಬ ತಂಡದ ಅಂಗಣವನ್ನು ಮಾಲೀಕರು ಯುದ್ಧ ಇಲಾಖೆಗೆ ಬಾಡಿಗೆಗೆ ಕೊಡುತ್ತಾರೆ. ಮನೆಯಿಲ್ಲದ ತಂಡ ಇಡೀ ಋತು ಬೇರೆಯವರ ಅಂಗಣದಲ್ಲಿ ಆಡುತ್ತದೆ. ಒಂಟಿ ಕಾಲಿನ ಕ್ಯಾಚರ್, ಒಂಟಿ ಕೈಯ ಆಟಗಾರ, ಹದಿನಾಲ್ಕರ ಹುಡುಗ: ಸಿಕ್ಕಿದವರನ್ನೆಲ್ಲ ಸೇರಿಸಿದ ಪಟ್ಟಿ. ಲೆಕ್ಕದಿಂದಲೇ ಆಟವನ್ನು ತಿದ್ದಲು ಹೊರಡುವ ಒಬ್ಬ ಜಾಣ ಹುಡುಗನೂ ಈ ಕಾದಂಬರಿಯಲ್ಲಿದ್ದಾನೆ, ‘ಮನಿಬಾಲ್’ಗಿಂತ ಮೂವತ್ತು ವರ್ಷ ಮೊದಲೇ. ರಾತ್ ಇದನ್ನು ಒರಟು ಹಾಸ್ಯವಾಗಿ ಬರೆದ. ಊರನ್ನು ಕಳೆದುಕೊಂಡ ತಂಡ ಏನಾಗುತ್ತದೆ ಎಂಬ ಪ್ರಶ್ನೆ ಮಾತ್ರ ಹಾಸ್ಯದಡಿಯಲ್ಲಿ ಗಂಭೀರವಾಗಿಯೇ ಇದೆ.

*

ರಾತ್‌ನ ಉತ್ಪ್ರೇಕ್ಷೆ ಓಕ್ಲೆಂಡಿನಲ್ಲಿ ಸುದ್ದಿಯಾಯಿತು. 2018ರಿಂದ 2020ರವರೆಗೆ ಮೂರು ವರ್ಷ ತಂಡ ಪ್ಲೇಆಫ್ ತಲುಪಿತ್ತು. ಮಾರ್ಕಸ್ ಸಿಮಿಯನ್, ಮ್ಯಾಟ್ ಓಲ್ಸನ್, ಮ್ಯಾಟ್ ಚಾಪ್‌ಮನ್ ಆಗಿನ ಬೆನ್ನೆಲುಬು. ಸಿಮಿಯನ್ 2021ರ ಆರಂಭದಲ್ಲಿ ಹೋದ. 2022ರ ಮಾರ್ಚ್‌ನಲ್ಲಿ ಕೆಲವೇ ದಿನಗಳ ಅಂತರದಲ್ಲಿ ಓಲ್ಸನ್ ಅಟ್ಲಾಂಟಾಕ್ಕೆ, ಚಾಪ್‌ಮನ್ ಟೊರಾಂಟೊಗೆ, ಕ್ರಿಸ್ ಬ್ಯಾಸಿಟ್ ನ್ಯೂಯಾರ್ಕ್‌ಗೆ ಹೋದರು. 2023ರಲ್ಲಿ ತಂಡ 112 ಪಂದ್ಯ ಸೋತಿತು. ಜನ ಬರುತ್ತಿಲ್ಲ, ಆದ್ದರಿಂದ ಊರು ಬಿಡುತ್ತೇವೆ ಎಂಬ ವಾದಕ್ಕೆ ವೇದಿಕೆ ಸಿದ್ಧವಾಯಿತು.

2023ರ ಜೂನ್ 13ರಂದು ಅಭಿಮಾನಿಗಳು ಬಹಿಷ್ಕಾರದ ತಿರುಗುಮುರುಗು ಮಾಡಿದರು: ಬಾರದಿರುವುದರ ಬದಲು ಬಂದು ತುಂಬುವುದು. 27,759 ಜನ ಬಂದರು. ಅವರಲ್ಲಿ ಸಾವಿರಾರು ಜನ ತೊಟ್ಟ ಹಸಿರು ಅಂಗಿಯ ಮೇಲೆ ‘ಸೆಲ್’, ಅಂದರೆ ‘ಮಾರು’ ಎಂಬ ಒಂದೇ ಪದ. ಇಪ್ಪತ್ತು ವರ್ಷ ಆಟಗಾರರ ಮೇಲೆ ಪ್ರಯೋಗವಾದ ಕ್ರಿಯಾಪದವನ್ನು ಅವರು ಮಾಲೀಕನ ಕಡೆಗೆ ತಿರುಗಿಸಿದರು. ಆ ರಾತ್ರಿ ತಂಡ ಗೆದ್ದಿತು. ಅದೇ ದಿನ ನೆವಾಡಾ ರಾಜ್ಯದ ಸೆನೆಟ್ ಲಾಸ್ ವೇಗಸ್‌ನಲ್ಲಿ ಹೊಸ ಅಂಗಣಕ್ಕೆ ಸಾರ್ವಜನಿಕ ಹಣ ಕೊಡುವ ಮಸೂದೆಗೆ ಒಪ್ಪಿತು. ನವೆಂಬರ್‌ನಲ್ಲಿ ಉಳಿದ ತಂಡಗಳ ಮಾಲೀಕರು ಒಮ್ಮತದಿಂದ ಸ್ಥಳಾಂತರಕ್ಕೆ ಮತ ಹಾಕಿದರು.

ಲಾಸ್ ವೇಗಸ್‌ನ ಅಂಗಣ ಏಳುವವರೆಗೆ ತಂಡ 2025ರಿಂದ ಸ್ಯಾಕ್ರಮೆಂಟೊದ ಒಂದು ಮೈನರ್ ಲೀಗ್ ಅಂಗಣದಲ್ಲಿ ಬೀಡುಬಿಟ್ಟಿದೆ. ಹೆಸರಿನ ಮುಂದೆ ಊರಿಲ್ಲ, ಬರೀ ಅಥ್ಲೆಟಿಕ್ಸ್. ಊರು ಬಿಟ್ಟ ಮೇಲೆ ದುಡ್ಡು ಕಾಣಿಸಿಕೊಂಡಿತು: 2024ರ ಡಿಸೆಂಬರ್‌ನಲ್ಲಿ ಪಿಚರ್ ಲೂಯಿಸ್ ಸೆವೆರಿನೊಗೆ ಮೂರು ವರ್ಷಕ್ಕೆ 6.7 ಕೋಟಿ ಡಾಲರ್. ಅಲ್ಲಿಯವರೆಗಿನ ತಂಡದ ಚರಿತ್ರೆಯಲ್ಲೇ ಅತಿ ದೊಡ್ಡ ಒಪ್ಪಂದವಾಗಿತ್ತು ಅದು. ಅದು ಮುರಿದದ್ದು 2004ರಲ್ಲಿ ಎರಿಕ್ ಶಾವೆಜ್‌ಗೆ ಆರು ವರ್ಷಕ್ಕೆ ಕೊಟ್ಟ 6.6 ಕೋಟಿಯ ದಾಖಲೆಯನ್ನು. ಇಪ್ಪತ್ತು ವರ್ಷ ಓಕ್ಲೆಂಡಿನ ಯಾವ ಆಟಗಾರನಿಗೂ ದಾಟಲಾಗದ ಗೆರೆ, ಓಕ್ಲೆಂಡ್ ದಾಟಿದ ಮೇಲೆ ತಾನಾಗಿ ಅಳಿಸಿತು. ‘ಮನಿಬಾಲ್’ ಹವಾಮಾನದಂತೆ ಒಪ್ಪಿಕೊಂಡ ಬಡತನಕ್ಕೆ ಇದಕ್ಕಿಂತ ದೊಡ್ಡ ಟಿಪ್ಪಣಿ ಬೇಕಿಲ್ಲ.

ಹೊಸ ಹುಡುಗರು ಒಳ್ಳೆಯವರೇ. ಆಡಲು ಬಂದ ಮೊದಲ ವರ್ಷವೇ ನಿಕ್ ಕರ್ಟ್ಜ್ 2025ರ ಜುಲೈನಲ್ಲಿ ಒಂದೇ ಪಂದ್ಯದಲ್ಲಿ ನಾಲ್ಕು ಹೋಮ್ ರನ್ ಹೊಡೆದ. ವರ್ಷದ ಹೊಸ ಆಟಗಾರ ಪ್ರಶಸ್ತಿ ಅವನಿಗೆ, ಎರಡನೇ ಸ್ಥಾನ ಅದೇ ತಂಡದ ಜೇಕಬ್ ವಿಲ್ಸನ್‌ಗೆ. ಅದೇ ಜುಲೈ ಕೊನೆಗೆ, ಗಡುವಿನ ದಿನ, ತಂಡದ ಅತಿ ವೇಗದ ಪಿಚರ್ ಮೇಸನ್ ಮಿಲ್ಲರ್‌ನನ್ನು ಸ್ಯಾನ್ ಡಿಯಾಗೊಗೆ ಕೊಟ್ಟು ಲಿಯೊ ಡಿ ವ್ರೀಸ್ ಎಂಬ ಹದಿನೆಂಟರ ಹುಡುಗನನ್ನು ಮುಖ್ಯವಾಗಿ ತಂದರು. ಮ್ಯಾನೇಜರ್‌ನ ಕಣ್ಣಿಗೆ ಒಳ್ಳೆಯ ವ್ಯಾಪಾರ. ಬಹುಶಃ ಆಟದ ದೃಷ್ಟಿಯಿಂದಲೂ ಒಳ್ಳೆಯದೇ. ಆದರೆ ಓಕ್ಲೆಂಡಿನ ಅಭಿಮಾನಿಗೆ ಈ ಪಟ್ಟಿಯನ್ನು ಓದುವ ಹಕ್ಕು ಇನ್ನೂ ಇದೆಯೇ? ಅವನು ಕಾದು ಕೂತ ಪ್ರಾಸ್ಪೆಕ್ಟ್‌ಗಳು ಕೊನೆಗೂ ಹಣ್ಣಾಗುತ್ತಿರುವುದು ಬೇರೆ ಊರಿನ ಅಂಗಳದಲ್ಲಿ.

‘ಮನಿಬಾಲ್’ ಈಗಲೂ ಓದಬೇಕಾದ ಪುಸ್ತಕ. ಅದರಿಂದ ಪಾಠ ಕಲಿತವರಿಗಿಂತ ಅದು ಹೆಚ್ಚು ಪ್ರಾಮಾಣಿಕ. ಹಾಸ್‌ನ ಉದಾರತೆ, ಮ್ಯಾಗ್ನಾಂಟಿಯ ಪಿಂಚಣಿ, ಕಾವಲುಗಾರ ಜೇಮ್ಸ್‌ನ ಒಂಟಿ ಪುಸ್ತಿಕೆ ಎಲ್ಲವೂ ಅದರೊಳಗೇ ಇವೆ. ಲೂಯಿಸ್ ಕಂಡದ್ದನ್ನೆಲ್ಲ ಬರೆದ. ಕೂತು ಕಂಡ ಕುರ್ಚಿ ಮಾತ್ರ ಒಂದೇ ಆಗಿತ್ತು. ಅದೇ ಪುಟಗಳನ್ನು ಮೆಟ್ಟಿಲ ಮೇಲಿನ ಜಾಗದಿಂದ ಓದುವ ಕೆಲಸ ಉಳಿದವರದು. ಆಗ ಇಪ್ಪತ್ತನೇ ಗೆಲುವಿನ ರಾತ್ರಿ ಹ್ಯಾಟೆಬರ್ಗ್ ಹೊಡೆದ ಚೆಂಡು ಅದೇ ಎತ್ತರಕ್ಕೆ ಹಾರುತ್ತದೆ. ಐದು ವಾರ ಮೊದಲು ಚೀಲ ಕಟ್ಟಿಕೊಂಡು ಹೋದ ಮ್ಯಾಗ್ನಾಂಟಿಯ ಖಾಲಿ ಜಾಗವೂ ಕಾಣುತ್ತದೆ.